ಕುಸುಬಿ ಎಣ್ಣೆ ಕುಡಿದ ಬೂಟು

ಬೀದರಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಮೊನ್ನೆ ಅದನ್ನು ಕೆಳಗಿಳಿಸಿ ಮುಚ್ಚಳ ಎತ್ತಿದ್ದೇ ತಡ, ಡಾಂಬರು ಗುಳಿಗೆ, ಹಳೆಯ ಉಣ್ಣೆ ಎಲ್ಲವನ್ನೂ ಹಿಂದೆ ಹಾಕಿ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಂತು. ಬಂದದ್ದು ಒಂದು ಜೋಡಿ ಕಂದು ಚರ್ಮದ ಬೂಟಿನಿಂದ. ಎಡಗಾಲಿನದು ಈಗಲೂ ಮುಂದೆ ಬಾಯಿ ತೆರೆದುಕೊಂಡೇ ಇದೆ. ಅದನ್ನು ಹಾಕಿಕೊಂಡು ನಾನು ಯಾವ ಹಿಮದ ಬೆಟ್ಟವನ್ನೂ ಹತ್ತಲಿಲ್ಲ. ಆದರೆ ಅದು ಹಾಳಾಗದೆ ಹೋಗಿದ್ದರೆ ಹತ್ತುತ್ತಲೂ ಇರಲಿಲ್ಲ.

ಟ್ರಂಕು ತೆಗೆಯಬೇಕಾದದ್ದು ಮಾದೇವಿಯ ಫೋನಿನಿಂದ. ಮಾದೇವಿ ನನ್ನ ನಾದಿನಿ, ಭಾಲ್ಕಿಯ ಹೈಸ್ಕೂಲಿನಲ್ಲಿ ಆಟದ ಟೀಚರು. "ವೈನಿ, ನಮ್ಮ ಸಾಲಿಯ ಇಬ್ಬರು ಟೀಚರ್ರು ಈ ಸಲ ಹಿಮಾಲಯಕ್ಕ ಹೊಂಟಾರ್ರಿ. ಏನೇನು ಒಯ್ಯಬೇಕು, ಏನು ಒಯ್ಯಬಾರದು, ನೀವೇ ಹೇಳ್ರಿ. ನಾ ಹೇಳಿದ್ರ ಅವರು ಹೆದರತಾರ" ಅಂದಳು. ಹೇಳಲು ಕುಳಿತರೆ ನನಗೆ ಪಟ್ಟಿ ಬರುವುದಿಲ್ಲ. ಆ ವರ್ಷವೇ ಬರುತ್ತದೆ.

ಆ ವರ್ಷದ ದಸರೆಗೆ ಮಾದೇವಿ ಬನ್ನಿ ಕೊಡಲು ಬಂದಳು. ಬನ್ನಿ ಕೈಗಿಟ್ಟು, ಕಾಲು ಮುಟ್ಟಿ, ಎದ್ದು ನಿಲ್ಲುವ ಮೊದಲೇ ಸುದ್ದಿ ಹೇಳಿಬಿಟ್ಟಳು: ಜೂನಿನಲ್ಲಿ ಹೆಂಗಸರದೇ ಒಂದು ತಂಡ ಹಿಮಾಚಲದ ಶಿಖರವೊಂದನ್ನು ಹತ್ತಲಿದೆ, ಹಿಮದ ಮೇಲೆ ನಡೆಯುವುದನ್ನು ಅಲ್ಲೇ ಕಲಿಸುತ್ತಾರೆ, ಅವಳು ಹೆಸರು ಕೊಟ್ಟಿದ್ದಾಳೆ. "ಒಬ್ಬಾಕಿನೇ ಹೋಗಂಗಿಲ್ರಿ ವೈನಿ. ನೀವು ಬಂದ್ರ ಹೋಗ್ತೇನಿ."

ನಲವತ್ತು ದಾಟಿದ ನಾನು ಅಲ್ಲಿಯವರೆಗೆ ಹತ್ತಿದ ಎತ್ತರವೆಂದರೆ ಬೀದರ ಕೋಟೆಯ ಬುರುಜು. ನಮ್ಮ ಮನೆಯವರು ಸೋಫಾದಿಂದಲೇ ನಕ್ಕರು. "ಮಾಳಿಗಿ ಮ್ಯಾಲ ಹಪ್ಪಳ ಒಣಗಿಸಿ ಬಂದ್ರ ಅರ್ಧಾ ತಾಸು ತೇಕ್ತಾಳ ಈಕಿ!"

ಅತ್ತೆ ದೇವರ ಮನೆಯಿಂದ ವಿಭೂತಿ ಹಚ್ಚಿದ ಹಣೆ ಹೊರಗೆ ಹಾಕಿದರು. "ತೇಕೋದು ನೀನು ಬಸೂ. ಆಕಿ ಅಲ್ಲ. ಹಪ್ಪಳದ ಪರಾತಾ ಒಂದು ಸಲ ಹೊತ್ಕೊಂಡು ಹತ್ತು, ನೋಡೋಣು." ಆಮೇಲೆ ನನ್ನ ಕಡೆ ತಿರುಗಿ, "ಹೋಗು ಸುನೀ. ನಾ ಹೊಲಾ ಬಿಟ್ಟು ಎಲ್ಲೂ ಹೋಗಲಿಲ್ಲ. ನೀ ನೋಡಿ ಬಂದು ನನಗ ಹೇಳು" ಅಂದರು. ಒಪ್ಪಿಗೆ ಅಷ್ಟೇ. ಅದಕ್ಕಿಂತ ದೊಡ್ಡ ಮೆರವಣಿಗೆ ನನಗೆ ಬೇಕಿರಲಿಲ್ಲ.

ತಂಡದವರು ಒಂದು ನಕಾಶೆ ಕಳಿಸಿದರು. ಬಿಳಿಯ ಕಾಗದದ ತುಂಬ ಕಂದು ಗೆರೆಗಳು, ಕೂದಲು ಬಾಚಿದಂತೆ. ಮಾದೇವಿ ಅದನ್ನು ತಲೆಕೆಳಗು ಹಿಡಿದು ನೋಡುತ್ತಿದ್ದಳು. ನನಗೆ ಮಾತ್ರ ಕಾನ್ವೆಂಟಿನ ಭೂಗೋಳದ ಸಿಸ್ಟರ್ ಕಣ್ಣೆದುರು ಬಂದರು. ಅವರು ಒಂದು ಗೆಣಸನ್ನು ಅಡ್ಡಡ್ಡ ಬಿಲ್ಲೆ ಕೊಯ್ದು, ಒಂದೊಂದು ಬಿಲ್ಲೆಯ ಸುತ್ತ ಪೆನ್ಸಿಲ್ ಓಡಿಸಿ, ಒಂದರೊಳಗೊಂದು ಗೆರೆ ಬರೆದು ತೋರಿಸಿದ್ದರು. ಗೆರೆ ಒತ್ತೊತ್ತಾಗಿದ್ದಲ್ಲಿ ಬೆಟ್ಟ ಕಡಿದು, ದೂರ ದೂರ ಇದ್ದಲ್ಲಿ ಮೆತ್ತಗಿನ ಏರು. ನಾನು ಅಡುಗೆಮನೆಗೆ ಹೋಗಿ ಗೆಣಸು ತಂದು ಕೊಯ್ದೆ. ಮಾದೇವಿ ನೋಡಿದಳು, ತಿಳಿದುಕೊಂಡಳು, ಆಮೇಲೆ ಬೆಟ್ಟವನ್ನು ಬೇಯಿಸಿ ತಿಂದಳು.

ಕಾರ್ತಿಕದ ಚಳಿಯಿಂದ ನನ್ನ ನಡಿಗೆ ಶುರುವಾಯಿತು. ಬೆಳಿಗ್ಗೆ ಡಬ್ಬಿ ಕಟ್ಟಿ, ಬೆನ್ನಿನ ಚೀಲಕ್ಕೆ ಜೋಳ ತುಂಬಿಕೊಂಡು ಕೋಟೆಯ ಕಡೆ ಹೊರಡುತ್ತಿದ್ದೆ. ಮೊದಲು ಜೋಳವನ್ನು ಚೀಲದ ತಳಕ್ಕೆ ಹಾಕಿದೆ. ಯಾರೋ ಹಿಂದಿನಿಂದ ಸೆರಗು ಜಗ್ಗಿದಂತೆ ಇಡೀ ದಾರಿ ಜಗ್ಗಿತು. ಮರುದಿನ ಹಗುರವಾದ ಹೊದಿಕೆ ತಳಕ್ಕೆ, ಜೋಳದ ಗಂಟು ಮೇಲೆ, ಬೆನ್ನಿಗೆ ಅಂಟಿದಂತೆ. ಭಾರ ಅಷ್ಟೇ ಇತ್ತು, ಆದರೆ ಜಗ್ಗುವುದು ನಿಂತಿತು. ಕಂಕುಳಲ್ಲಿ ಕೂಸನ್ನು ಹೊತ್ತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಮೈಗೆ ಹತ್ತಿದ್ದಷ್ಟೂ ಭಾರ ಕಡಿಮೆ.

ದಿಕ್ಸೂಚಿ ಹಿಡಿದು ನಡೆಯುವುದನ್ನು ಕಲಿತದ್ದು ಔರಾದದ ಹತ್ತಿರ, ಮಾದೇವಿಯ ಗಂಡನ ಮನೆಯ ಹೊಲಗಳಲ್ಲಿ. ಅಂದು ಮಂಜು ಎಷ್ಟಿತ್ತೆಂದರೆ ತೊಗರಿಯ ಸಾಲು ನಾಲ್ಕು ಮಾರಿನಾಚೆ ಕಾಣುತ್ತಿರಲಿಲ್ಲ. ಬಾವಿಯಿಂದ ದೊಡ್ಡ ಬೇವಿನ ಮರಕ್ಕೆ ನೆಟ್ಟಗೆ ಹೋಗಬೇಕು. ಮುಳ್ಳು ನೋಡಿ ನಾನು ಮುಂದೆ, ಮಾದೇವಿ ಹಿಂದೆ. ನಡೆದೆವು, ನಡೆದೆವು, ಬೇವಿನ ಮರ ಬರಲೇ ಇಲ್ಲ. ಬಂದದ್ದು ಕುರಿಹಟ್ಟಿ. ನಾಯಿ ಬೊಗಳಿತು, ಕುರಿ ಕಾಯುವ ಮುದುಕ ಕಂಬಳಿಯೊಳಗಿಂದ ಮುಖ ತೆಗೆದ. "ಯಾರ ಮನಿಗಿ ಬಂದೀರಿ ಬಾಯಾರ?"

"ಬೇವಿನ ಗಿಡಕ್ಕ ಬಂದೀವಿ ಕಾಕಾ."

"ಅದು ಆ ಕಡಿ ಅದ. ನೀವು ಬೇಕಂತ ತಿರುಗಿ ಬಂದಂಗ ಬಂದೀರಿ."

ತಪ್ಪು ಎಲ್ಲಿ ಆಯಿತು ಅಂತ ಚಹಾ ಕುಡಿಯುವಾಗ ಸಿಕ್ಕಿತು. ಬಗ್ಗಿದಾಗ ನನ್ನ ಸೊಂಟದಲ್ಲಿ ಝಣ್ ಅಂದಿತು. ಕಪಾಟು, ಉಗ್ರಾಣ, ದೇವರ ಮನೆ, ಹಿತ್ತಲ ಬಾಗಿಲು, ಇಡೀ ಮನೆಯ ಕಬ್ಬಿಣದ ಕೀಲಿಗೊಂಚಲು ಅಭ್ಯಾಸದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದೆ. ಅದರ ಪಕ್ಕಕ್ಕೇ ದಿಕ್ಸೂಚಿ ಹಿಡಿದಿದ್ದೆ. ಮುಳ್ಳು ಉತ್ತರ ಬಿಟ್ಟು ನಮ್ಮ ಉಗ್ರಾಣವನ್ನು ತೋರಿಸುತ್ತಿತ್ತು! ಆ ದಿನದಿಂದ ದಿಕ್ಸೂಚಿಯನ್ನು ಮೈಯಿಂದ ದೂರ, ಎದೆಯ ಮುಂದೆ, ಆರತಿ ತಟ್ಟೆಯಂತೆ ಮಟ್ಟಸ ಹಿಡಿಯುತ್ತೇನೆ. ಮೊಬೈಲೂ ಆಗ ಹಿಂದಿನ ಜೇಬಿನಲ್ಲಿರಬೇಕು. ಮನೆಯ ಕೀಲಿ ಮನೆಯಲ್ಲಿ.

ಸಂಕ್ರಾಂತಿಯ ಹೊತ್ತಿಗೆ ಹೈದರಾಬಾದಿನಿಂದ ಆ ಕಂದು ಬೂಟು ತಂದೆ. ಹಿಮಕ್ಕೆ ಹೋಗುವ ಬೂಟಿನ ತಳ ಗಟ್ಟಿ ಇರಬೇಕು, ಬಗ್ಗಬಾರದು. ಯಾಕೆಂದರೆ ಅದರ ಅಡಿಗೆ ಉಕ್ಕಿನ ಹಲ್ಲುಗಳ ಒಂದು ಚೌಕಟ್ಟು ಕಟ್ಟಿಕೊಳ್ಳಬೇಕು; ಅದಕ್ಕೆ ಕ್ರಾಂಪಾನ್ ಅನ್ನುತ್ತಾರೆ. ಬೂಟು ಬಗ್ಗಿದರೆ ಕ್ರಾಂಪಾನ್ ಕಳಚಿಕೊಳ್ಳುತ್ತದೆ. ಆ ಗಟ್ಟಿ ಚರ್ಮ ಮೊದಮೊದಲು ನನ್ನ ಹಿಮ್ಮಡಿಯನ್ನು ಚೆನ್ನಾಗಿ ಕಚ್ಚಿತು. ನಾನು ದಿನಾ ಸಂಜೆ ಕಾಲನ್ನು ಬಿಸಿನೀರಲ್ಲಿ ಇಟ್ಟುಕೊಂಡು ಕೂರುವುದನ್ನು ಅತ್ತೆ ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ. ಅವರು ಏನೂ ಅನ್ನದೆ ನೋಡುತ್ತಿದ್ದಾರೆಂದರೆ ಏನೋ ಮಾಡುತ್ತಾರೆ ಅಂತಲೇ ಅರ್ಥ. ನನಗೆ ಆಗ ಹೊಳೆಯಲಿಲ್ಲ.

ಬೇಸಿಗೆ ಬಂತು. ಔರಾದದಲ್ಲಿ ಒಂದು ಮದುವೆ, ನಾನೂ ಮನೆಯವರೂ ಹೋಗಿ ಎರಡು ದಿನ ಬಿಟ್ಟು ಬಂದೆವು. ಅತ್ತೆ ಬಾಗಿಲಲ್ಲೇ ಕಾದಿದ್ದರು, ಮುಖದ ತುಂಬ ನಗು. ಕೈ ಹಿಡಿದು ಸೀದಾ ಮಾಳಿಗೆಗೆ ಕರೆದುಕೊಂಡು ಹೋದರು. ಚಾಪೆಯ ಮೇಲೆ ಶಾವಿಗೆ ಒಣಗುತ್ತಿತ್ತು. ಅದರ ಪಕ್ಕ ಉರಿಬಿಸಿಲಲ್ಲಿ ನನ್ನ ಬೂಟು, ಕಪ್ಪಗೆ ಮಿರಿಮಿರಿ.

"ಕಾಲು ಕಚ್ಚತಾವಂತ ಗೋಳಾಡ್ತಿದ್ದಿ. ನೀ ಹೋದಾಗಿಂದ ಕುಸುಬಿ ಎಣ್ಣಿ ಕುಡಿಸೀನಿ. ಒಳಗ ಹೊರಗ ಎರಡೂ ಕಡಿ. ನೋಡು, ಹೂವಿನಂಗ ಆಗ್ಯಾವ!"

ನಮ್ಮಲ್ಲಿ ಹೊಸ ಚಪ್ಪಲಿಗೆ ಹೀಗೇ ಮಾಡುವುದು. ಎಣ್ಣೆ ಕುಡಿಸಿ, ಬಿಸಿಲಿಗಿಟ್ಟು, ಮತ್ತೆ ಎಣ್ಣೆ ಕುಡಿಸಿ. ಅತ್ತೆಯ ಭಾತಂಬ್ರಾದ ಹೊಲದಲ್ಲಿ ಅಂಥ ಚಪ್ಪಲಿ ವರ್ಷಗಟ್ಟಲೆ ಬಾಳುತ್ತಿದ್ದವು. ನಾನು ಬೂಟು ಕೈಗೆತ್ತಿಕೊಂಡೆ. ಹೂವಿನಂತೆಯೇ ಇತ್ತು. ಹಿಮ್ಮಡಿ ಒತ್ತಿದರೆ ಒಳಗೆ ಹೋಯಿತು. ಎಡಗಾಲಿನ ತಳ ಅಂಟು ಬಿಟ್ಟು, ನನ್ನ ಕೈಯಲ್ಲೇ ಮೆಲ್ಲಗೆ ಬಾಯಿ ತೆರೆಯಿತು.

ಅತ್ತೆ ಬೂಟಿನ ಬಾಯಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಕೆಟ್ಟವೇನು ಸುನೀ?"

"ಇಲ್ರಿ ಅತ್ತಿ, ಹೊಲಿಸಬಹುದು" ಅಂದೆ. ಅವರು ನಂಬಲಿಲ್ಲ.

ಮಾದೇವಿ ತಂಡದವರನ್ನು ಕೇಳಿದಳು. ಉತ್ತರ ಸ್ಪಷ್ಟವಿತ್ತು: ಗಟ್ಟಿ ಬೂಟಿಲ್ಲದವರು ಕೆಳಗಿನ ಬಿಡಾರದಲ್ಲೇ ಉಳಿಯಬೇಕು. ಹೊಸ ಬೂಟು ತಂದು, ಅದು ಕಾಲಿಗೆ ಪಳಗದೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ, ಅವರೂ ಬಿಡಾರದಲ್ಲೇ. ಹೊರಡಲು ಉಳಿದದ್ದು ಕೆಲವೇ ವಾರ.

ನನಗಿಂತ ಹೆಚ್ಚು ಕುಗ್ಗಿದ್ದು ಅತ್ತೆ. ಮರುದಿನದಿಂದ ನಮ್ಮ ಒಗ್ಗರಣೆಯ ವಾಸನೆ ಬದಲಾಯಿತು. ನೋಡಿದರೆ ಕುಸುಬಿ ಎಣ್ಣೆಯ ಡಬ್ಬಿ ಕಪಾಟಿನ ಕೊನೆಗೆ, ಹಿಟ್ಟಿನ ಡಬ್ಬಿಗಳ ಹಿಂದೆ ಹೋಗಿತ್ತು. ಪಲ್ಯಕ್ಕೆ ಅಂಗಡಿಯ ಬೇರೆ ಎಣ್ಣೆ. ಅತ್ತೆಯ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿತು. ಒಂದು ಮಧ್ಯಾಹ್ನ ಅವರು ಮಗನಿಗೆ ಹೇಳುವುದು ಕಿವಿಗೆ ಬಿತ್ತು: "ಒಂದಽ ಸಲ ಆಕಿ ಒಂದು ಆಸಿ ಮಾಡಿದ್ಲು ಬಸೂ. ನನ್ನ ಕೈಲೆ ಅದಕ್ಕ ಎಣ್ಣಿ ಹಾಕಿದೆ."

ಅಲ್ಲಿಯವರೆಗೆ ಶಿಖರ ನನಗೊಂದು ಹುಕಿ. ಅವತ್ತಿನಿಂದ ಅದು ಬೇರೆಯೇ ಆಯಿತು. ನಾನು ಹತ್ತದಿದ್ದರೆ ಅತ್ತೆ ಇನ್ನು ಮೇಲೆ ಆ ಡಬ್ಬಿಯನ್ನು ಮುಂದಕ್ಕೆ ತರುವುದಿಲ್ಲ, ನನಗದು ಖಾತ್ರಿ.

ಮರುದಿನವೇ ಹೈದರಾಬಾದಿಗೆ ಹೋಗಿ ಇನ್ನೊಂದು ಜೋಡಿ ತಂದೆ. ಸಂಜೆ ಹೊತ್ತಿಗೇ ಅಂಗಡಿಗೆ ಹೋದೆ, ಕಾಲು ದಿನವಿಡೀ ನಡೆದು ಸ್ವಲ್ಪ ಊದಿರುತ್ತದಲ್ಲ, ಬೆಟ್ಟದಲ್ಲೂ ಹಾಗೇ ಊದುತ್ತದೆ. ದಪ್ಪ ಉಣ್ಣೆಯ ಕಾಲುಚೀಲ ಮನೆಯಿಂದಲೇ ಒಯ್ದಿದ್ದೆ. ಅಂಗಡಿಯ ಇಳಿಜಾರು ಹಲಗೆಯ ಮೇಲೆ ಕೆಳಮುಖವಾಗಿ ನಿಂತಾಗ ಹೆಬ್ಬೆರಳು ಮುಂದೆ ತಾಗಬಾರದು. ತಾಗಲಿಲ್ಲ.

ಇನ್ನು ಅದನ್ನು ಪಳಗಿಸಬೇಕು. ಅತ್ತೆ ತಾವಾಗಿಯೇ ಅಂದರು, "ಭಾತಂಬ್ರಾಕ್ಕ ನಡಿ. ಡಾಂಬರ ರಸ್ತಾದಾಗ ಬೂಟು ಪಳಗಂಗಿಲ್ಲ. ಹೊಲದಾಗ ಪಳಗತದ."

ನಾವು ಭಾತಂಬ್ರಾಕ್ಕೆ ಹೋದ ದಿನವೇ ಅಕಾಲದ ಮಳೆ ಹೊಡೆಯಿತು, ಆಲಿಕಲ್ಲಿನ ಸಮೇತ. ಬೆಳಿಗ್ಗೆ ನೋಡಿದರೆ ಎರೆ ಹೊಲವೆಲ್ಲ ಕಪ್ಪು ಹಿಟ್ಟು ನಾದಿ ಇಟ್ಟಂತೆ. ಕಾಯಲು ದಿನಗಳಿರಲಿಲ್ಲ. ಬೂಟು ಕಟ್ಟಿ ಇಳಿದೆ. ಹತ್ತು ಹೆಜ್ಜೆಗೆ ಅಡಿಗೆ ಮಣ್ಣು ಮೆತ್ತಿ ಮೆತ್ತಿ, ಎರಡೂ ಕಾಲಿಗೆ ಒಂದೊಂದು ರೊಟ್ಟಿ ಹಂಚು ಕಟ್ಟಿದಂತಾಯಿತು. ಮತ್ತೆರಡು ಹೆಜ್ಜೆಗೆ ಸರ್ರನೆ ಜಾರಿ ಕೂತೆ.

ಬದುವಿನ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಣ್ಣುಮಗಳು ನಿಂತಳು. "ಏನ್ರೀ ಬಾಯಾರ, ಪೊಲೀಸ್ ನೌಕರಿ ಹತ್ತೀತೇನ್ರಿ?"

"ಇಲ್ರೀ ಯವ್ವಾ, ಬೆಟ್ಟಾ ಹತ್ತಲಿಕ್ಕ."

"ಬೆಟ್ಟ ಇಲ್ಲೆಲ್ಲಿ ಅದರಿ? ಕೂತಿದ್ದು ಕೆಸರಾಗ!"

ಅತ್ತೆ ಬದುವಿನಿಂದ ಒಂದು ಬಡಿಗೆ ಎಸೆದರು. "ಮಣ್ಣು ತುಂಬೋತನಕ ಯಾಕ ಕಾಯ್ತಿ? ತುಂಬಿದ ಮ್ಯಾಲ ಬಡದ್ರ ಬೀಳಂಗಿಲ್ಲ. ಹೆಜ್ಜಿ ಎತ್ತಿದಾಗೊಮ್ಮೆ ಬಡಿ. ಎತ್ತು, ಬಡಿ, ಇಡು."

ಎತ್ತು, ಬಡಿ, ಇಡು. ಬೂಟಿನ ಪಕ್ಕಕ್ಕೆ ಬಡಿಗೆಯಿಂದ ಒಂದು ಸಣ್ಣ ಏಟು. ಮಣ್ಣು ಕಳಚಿ ಬೀಳುತ್ತಿತ್ತು. ಬೇಸಿಗೆ ಸೂಟಿಯಲ್ಲಿದ್ದ ಮಾದೇವಿಯೂ ಭಾಲ್ಕಿಯಿಂದ ಬರತೊಡಗಿದಳು. ಅತ್ತೆ ಬದುವಿನ ಮೇಲೆ ಕೊಡೆ ಹಿಡಿದು ಕೂತು ಇಬ್ಬರನ್ನೂ ಕವಾಯತು ಮಾಡಿಸಿದರು. "ಮಾದೇವಿ, ಬಡೀದೆ ಒಂದು ಹೆಜ್ಜಿ ತಿಂದಿ! ನಾ ನೋಡೀನಿ!" ಆ ಮಣ್ಣು ಒಣಗಿ ಗಟ್ಟಿಯಾಗುವಷ್ಟರಲ್ಲಿ ಬೂಟು ನನ್ನ ಕಾಲಾಗಿತ್ತು. ಬಡಿಯುವುದೂ ಕೈಗೆ ಎಷ್ಟು ಹತ್ತಿತ್ತೆಂದರೆ, ಮನೆಯ ಅಂಗಳದಲ್ಲೂ ಬರಿಗಾಲಿಗೆ ಪೊರಕೆಯ ಹಿಡಿ ತಾಗಿಸಿಕೊಂಡು ನಡೆಯುತ್ತಿದ್ದೆ.

ಜೂನ್ ಬಂತು. ರೈಲು, ಬಸ್ಸು, ಜೀಪು, ಆಮೇಲೆ ಕಾಲು. ನಮ್ಮ ಚೀಲದಲ್ಲಿ ಹತ್ತಿ ಬಟ್ಟೆ ಒಂದೂ ಇರಲಿಲ್ಲ. ಮಳೆಗಾಲದಲ್ಲಿ ಹತ್ತಿ ಸೀರೆ ಎರಡು ದಿನಕ್ಕೂ ಒಣಗುವುದಿಲ್ಲ, ನೈಲಾನಿನದು ಚಹಾ ಆಗುವಷ್ಟರಲ್ಲಿ ಒಣಗುತ್ತದೆ. ಬಟ್ಟೆ ಒಣಹಾಕುವವರಿಗೆ ಗೊತ್ತಿರುವ ಈ ಮಾತೇ ಅಲ್ಲಿ ಜೀವ ಕಾಯುತ್ತದೆ; ಬೆವೆತ ಹತ್ತಿ ಮೈಮೇಲೆ ಉಳಿದರೆ ಗಾಳಿ ಬೀಸಿದಾಗ ಮೈಯ ಕಾವೆಲ್ಲ ಅದೇ ಕುಡಿಯುತ್ತದೆ. ಮೈಗೆ ತಾಗಿ ತೆಳುವಾದ ಒಂದು, ಅದರ ಮೇಲೆ ಉಣ್ಣೆ, ಮೇಲೆ ಗಾಳಿ ತಡೆಯುವ ಅಂಗಿ. ಸೆಕೆಯಾಗುವ ಮೊದಲೇ ಒಂದು ಬಿಚ್ಚು, ಚಳಿಯಾಗುವ ಮೊದಲೇ ಒಂದು ಹಾಕು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು, ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಿಟ್ಟರೆ ಬಿರಡೆಯ ಕಡೆ ಕುಡಿಯಲು ಉಳಿಯುತ್ತದೆ. ತಿನ್ನಲು ಅತ್ತೆ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಖಾರದ ಚಟ್ನಿಪುಡಿ. ಉಳಿದವರ ಚಾಕೊಲೇಟು ಕಲ್ಲಾಗಿ ಹಲ್ಲು ಮುರಿಯುವಾಗ ನಮ್ಮ ರೊಟ್ಟಿ ಮನೆಯಲ್ಲಿದ್ದಂತೆಯೇ ಕಟಕಟ.

ನಮ್ಮ ಹಗ್ಗದ ಮುಂದಾಳು ಡೋಲ್ಮಾ, ಆ ಬೆಟ್ಟದ ಬುಡದ ಊರಿನವಳೇ, ಮಾದೇವಿಗಿಂತ ಚಿಕ್ಕವಳು. ಮೂವರು ಒಂದು ಹಗ್ಗ: ಮುಂದೆ ಡೋಲ್ಮಾ, ನಡುವೆ ಮಾದೇವಿ, ಹಿಂದೆ ನಾನು. ಅವಳ ನಿಯಮಗಳು ಎರಡೇ. ಒಬ್ಬರು ತಿರುಗಿದರೆ ಮೂವರೂ ತಿರುಗಬೇಕು. ಹನ್ನೊಂದಕ್ಕೆ ಎಲ್ಲಿದ್ದೇವೋ ಅಲ್ಲಿಂದ ವಾಪಸು, ಶಿಖರ ಕೈಗೆ ತಾಗುವಷ್ಟಿದ್ದರೂ. ಮಧ್ಯಾಹ್ನ ಮೋಡ ಇಳಿದರೆ ದಾರಿ ಕಾಣುವುದಿಲ್ಲ, ಬಿಸಿಲಿಗೆ ಹಿಮ ಮೆತ್ತಗಾದರೆ ಕಾಲಡಿ ನಿಲ್ಲುವುದಿಲ್ಲ.

ಬೆಳಕು ಹರಿಯುವ ಮೊದಲೇ ಹೊರಟೆವು. ಆಗ ಹಿಮ ಬೆಲ್ಲದ ಅಚ್ಚಿನಂತೆ ಗಟ್ಟಿ. ಕ್ರಾಂಪಾನಿನ ಹಲ್ಲು ಕರ್ ಕರ್ ಎಂದು ಕಚ್ಚುವ ಸದ್ದೇ ಧೈರ್ಯ ಕೊಡುತ್ತಿತ್ತು. ಒಂದು ಹೆಜ್ಜೆ, ಒಂದು ಉಸಿರು. ಸೂರ್ಯ ಬಂದ. ಕಪ್ಪು ಕನ್ನಡಕ ಹಾಕಿಕೊಂಡೆವು. ಮರೆತವರಿಗೆ ಸಂಜೆ ಕಣ್ಣಿಗೆ ಮೆಣಸಿನಪುಡಿ ಬಿದ್ದಂತೆ ಆಗುತ್ತದಂತೆ.

ಕೊನೆಯ ಇಳಿಜಾರಿಗೆ ಬರುವಷ್ಟರಲ್ಲಿ ಬಿಸಿಲು ನಾವೆಣಿಸಿದ್ದಕ್ಕಿಂತ ಜೋರಾಗಿತ್ತು. ಕರ್ ಕರ್ ನಿಂತಿತು. ಕಾಲಡಿಯಲ್ಲಿ ಹಿಮ ಮೆತ್ತಿಕೊಳ್ಳತೊಡಗಿತು. ಹೀಗೆ ಅಂಟದಿರಲೆಂದು ಕ್ರಾಂಪಾನಿನ ಅಡಿಗೆ ಒಂದು ರಬ್ಬರಿನ ಹಾಳೆ ಇರುತ್ತದೆ; ನಾವು ಬಾಡಿಗೆಗೆ ತಂದವುಗಳಲ್ಲಿ ಅದು ಹರಿದು ಹೋಗಿತ್ತು. ಈಗ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಬಾಡಿಗೆ ಸಾಮಾನನ್ನು ಕೆಳಗೇ ತಿರುಗಿಸಿ ಅಡಿ ನೋಡಿ ತೆಗೆದುಕೊಳ್ಳಿ. ನಮ್ಮ ಮುಂದಿದ್ದ ಹಗ್ಗದಲ್ಲಿ ಒಬ್ಬಾಕೆ ಜಾರಿದಳು. ಹಗ್ಗ ಹಿಡಿದು ನಿಲ್ಲಿಸಿತು, ಪೆಟ್ಟೇನೂ ಆಗಲಿಲ್ಲ, ಆದರೆ ಆ ಮೂವರೂ ತಿರುಗಿದರು. ಇಳಿಯುತ್ತ ನಮ್ಮನ್ನು ದಾಟುವಾಗ ಆಕೆಯ ಕಣ್ಣು ತುಂಬಿತ್ತು.

ಮಾದೇವಿಯ ಕಾಲೂ ಜಾರಿತು, ಒಮ್ಮೆ, ಇನ್ನೊಮ್ಮೆ. ಅವಳು ಬೆದರಿ ನಿಂತಳು. ಡೋಲ್ಮಾ ತಿರುಗಿ ಗಡಿಯಾರ ನೋಡಿದಳು, ನಮ್ಮನ್ನು ನೋಡಿದಳು. "ದೀದಿ, ವಾಪಸ್ ಚಲೇಂ ಕ್ಯಾ?"

ನಾನು ಮಾದೇವಿಯ ಬೂಟು ನೋಡಿದೆ. ಅಡಿಗೆ ದುಂಡಗೆ, ದಪ್ಪಗೆ, ಬೆಳ್ಳಗೆ ಮೆತ್ತಿಕೊಂಡಿತ್ತು. ರೊಟ್ಟಿ ಹಂಚು! ಬಣ್ಣವೊಂದೇ ಬೇರೆ.

"ಮಾದೇವೀ! ಬಡೀ! ಇದು ಭಾತಂಬ್ರಾ ಹೊಲ! ಎತ್ತು, ಬಡಿ, ಇಡು!"

ನಾನೇ ಮೊದಲು ಕಾಲೆತ್ತಿ, ಕೈಯಲ್ಲಿದ್ದ ಹಿಮದ ಕೊಡಲಿ ಐಸ್ ಆಕ್ಸಿನ ಹಿಡಿಯಿಂದ ಬೂಟಿನ ಪಕ್ಕಕ್ಕೆ ಬಡಿದೆ. ಉಂಡೆ ಕಳಚಿ ಇಳಿಜಾರಿನಲ್ಲಿ ಉರುಳಿ ಹೋಯಿತು. ಮಾದೇವಿ ಬಡಿದಳು. ಹಲ್ಲುಗಳು ಮತ್ತೆ ಹೊರಗೆ ಬಂದವು, ಕಚ್ಚಿದವು. ಅವಳ ಮುಖದಲ್ಲಿ ನಗು ಬಂತು. "ವೈನಿ, ಅವ್ವ ನೋಡ್ಲಿಕ್ಕತ್ಯಾಳ್ರಿ, ಒಂದು ಹೆಜ್ಜಿನೂ ತಿನ್ನಬ್ಯಾಡ್ರಿ!"

ಡೋಲ್ಮಾ ನಮ್ಮ ಲಯವನ್ನು ಒಂದು ಗಳಿಗೆ ನೋಡಿದಳು. ಹಿಮ ಬಡಿಯುವುದು ಅವಳಿಗೆ ಹೊಸದಲ್ಲ, ನಮಗೂ ಕಲಿಸಿದ್ದಳು. ಆದರೆ ಎಲ್ಲರೂ ಉಂಡೆ ದಪ್ಪವಾದ ಮೇಲೆ ಬಡಿಯುತ್ತಾರಂತೆ, ಅಷ್ಟರಲ್ಲಿ ಜಾರಿರುತ್ತಾರಂತೆ. ಹೆಜ್ಜೆಗೊಮ್ಮೆ, ಮರೆಯದೆ ಬಡಿಯುವ ಹೊಸಬರನ್ನು ಅವಳು ನೋಡಿರಲಿಲ್ಲ. "ಠೀಕ್ ಹೈ. ಬಡಿ!" ಅಂದಳು ಅವಳೂ, ನಮ್ಮ ಕನ್ನಡದಲ್ಲೇ, ಮತ್ತು ಮುಂದೆ ತಿರುಗಿದಳು.

ಆಮೇಲೆ ಒಂದೇ ಲಯ. ಎತ್ತು, ಬಡಿ, ಇಡು. ಮೂರು ಸದ್ದು, ಮೂವರು ಹೆಂಗಸರು, ಒಂದು ಹಗ್ಗ. ಒಂದು ಹೆಜ್ಜೆ ಎತ್ತಿದೆ, ಮುಂದೆ ಇಡಲು ಇನ್ನು ಎತ್ತರವೇ ಇರಲಿಲ್ಲ. ಡೋಲ್ಮಾ ಕೈ ಚಾಚಿ ನನ್ನನ್ನು ಎಳೆದುಕೊಂಡಳು. ಹನ್ನೊಂದಾಗಲು ಇನ್ನೂ ಹೊತ್ತಿತ್ತು.

ಸುತ್ತ ಬರೀ ಬೆಟ್ಟ, ಒಂದರ ಹಿಂದೊಂದು, ಕಣ್ಣು ಸೋಲುವವರೆಗೆ. ಮಾದೇವಿ ಕುಣಿದಳು. ನನಗೆ ಅಳು ಬಂತು, ಅತ್ತು ನಕ್ಕೆ, ನಕ್ಕು ಹಸಿವಾಯಿತು. ಕಟಕ ರೊಟ್ಟಿ ಮುರಿದು ಹಿಂಡಿ ಉದುರಿಸಿ ಮೂವರೂ ತಿಂದೆವು. ಡೋಲ್ಮಾ ಖಾರಕ್ಕೆ ಬಾಯಿ ಉಫ್ ಉಫ್ ಅನ್ನುತ್ತಲೇ ಇನ್ನೊಂದು ತುಂಡಿಗೆ ಕೈ ಚಾಚಿದಳು. ನಾಲಿಗೆಗೆ ಹಿಂಡಿಯ ರುಚಿ ಹತ್ತಿದಾಗ ತಿಳಿಯಿತು, ಶೇಂಗಾ ಹುರಿಯುವಾಗ ಅತ್ತೆ ಎಂದಿನ ಕುಸುಬಿ ಎಣ್ಣೆ ಹಾಕಿರಲಿಲ್ಲ.

ಬೀದರಿಗೆ ಮರಳಿದಾಗ ಕಾರಹುಣ್ಣಿಮೆ ಹತ್ತಿರವಿತ್ತು, ಬಿತ್ತನೆಗೆ ಮಳೆ ಆಗಿತ್ತು. ಮನೆಯವರು ಸ್ಟೇಷನ್ನಿಗೆ ಹಾರ ಹಿಡಿದು ಬಂದಿದ್ದರು, "ಹಪ್ಪಳ ಇನ್ನು ನಾನೇ ಒಣಗಿಸ್ತೇನಿ" ಅನ್ನುತ್ತ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರು ನನ್ನ ಸುಟ್ಟ ಮುಖ ನೋಡಲಿಲ್ಲ. ಕಾಲು ನೋಡಿದರು.

"ಹತ್ತಿದಿ?"

"ಹತ್ತಿದ್ನಿರಿ ಅತ್ತಿ. ನೀವು ಬಡಿ ಅಂದಂಗ ಬಡೀತಾ ಹತ್ತಿದ್ನಿ. ಆ ಬೂಟು ಕೆಡದಿದ್ರ ಭಾತಂಬ್ರಾಕ್ಕ ಹೋಗ್ತಿರಲಿಲ್ಲ. ಹೋಗದಿದ್ರ ಅರ್ಧಕ್ಕಽ ತಿರುಗಿ ಬರ್ತಿದ್ದಿವ್ರಿ."

ಅತ್ತೆ ಮೆಟ್ಟಿಲ ಮೇಲೆ ಕೂತು, ನಾನು ಬಿಚ್ಚಿಟ್ಟ ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುವಿ ತಿರುವಿ ನೋಡಿದರು. ನಾಲಿಗೆಯ ಮಡಿಕೆಯ ಒಳಗೆ, ಹೊಲಿಗೆಯ ಸಂದಿನಲ್ಲಿ ಏನೋ ಕಪ್ಪಗೆ ಕಂಡಿತು. ಉಗುರಿನಿಂದ ಕೆರೆದರು. ಒಣಗಿದ ಎರೆ ಮಣ್ಣು. ಅದನ್ನು ಅಂಗೈಯಲ್ಲಿ ಹಿಡಿದು, ಬೆರಳಿಂದ ಉಜ್ಜಿ, ಮೂಗಿಗೆ ಹಿಡಿದು ಮೂಸಿದರು.

"ಬಸೂ, ಬಾ ಇಲ್ಲಿ ನೋಡು" ಅಂತ ಕೂಗಿದರು, ಇಡೀ ಓಣಿಗೆ ಕೇಳುವಂತೆ. "ನಮ್ಮ ಹೊಲಾನೂ ಹತ್ತಿ ಬಂದದ!"

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಹಿಟ್ಟಿನ ಡಬ್ಬಿಗಳು ಒಂದೊಂದಾಗಿ ಸರಿಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕುಸುಬಿ ಎಣ್ಣೆಯ ಒಗ್ಗರಣೆ ಚಟಪಟ ಅಂದಿತು.